ಚಿಟ್ಟೆ ಬೇಕು, ಹುಳ ಬೇಡ್ವಾ?

ಗುತ್ತೂರಿನ ಹಿತ್ತಲಾಗಲಿ, ದಾವಣಗೆರೆಯ ಟೆರೇಸಾಗಲಿ, ಹಳೇ ಟೈರಿಗೆ ಬಣ್ಣ ಬಳೀರಿ, ಒಡೆದ ಕೊಡದಲ್ಲಿ ಗಿಡ ನೆಡಿ, ಸಂತೋಷ. ಚಂಡೀಗಢದಲ್ಲಿ ನೇಕ್ ಚಂದ್ ಒಡೆದ ಬಳೆ, ಪಿಂಗಾಣಿ ಚೂರುಗಳಿಂದಲೇ ಕಟ್ಟಿದ ರಾಕ್ ಗಾರ್ಡನ್ 1976ರಲ್ಲಿ ಜನರಿಗೆ ತೆರೆಯಿತು. ನನ್ನ ಜಗಳ ಇರೋದು ಔಷಧಿ ಹೊಡೆಯೋ ಚಟದ ಜೊತೆ. ಕರಿಬೇವಿನ ಎಲೆ ಮೇಯೋ ಹಸಿರು ಹುಳ ಕಂಡ ಕೂಡಲೇ ವಿಷ ಹೊಡೀತೀವಿ. ಆಮೇಲೆ "ಚಿಟ್ಟೆನೇ ಬರಲ್ಲ" ಅಂತ ಗೋಳಾಡ್ತೀವಿ. ಸ್ವಾಮಿ, ಆ ಹುಳಾನೇ ನಾಳೆಯ ಚಿಟ್ಟೆ! ಮಕರಂದ ಹೀರೋ ಸೂರಕ್ಕಿ ಕೂಡ ಮರಿಗಳಿಗೆ ತಂದುಕೊಡೋದು ಹುಳ, ಜೇಡಗಳನ್ನೇ. ಟೈರಲ್ಲಿ ನಿಂತ ನೀರನ್ನು ಮಾತ್ರ ವಾರಕ್ಕೊಮ್ಮೆ ತಪ್ಪದೆ ಚೆಲ್ಲಿ. ಡೆಂಗಿ ಸೊಳ್ಳೆ ಅಂಥಲ್ಲೇ ಹುಟ್ಟೋದು. ನಾಲ್ಕು ಕರಿಬೇವಿನ ಎಲೆ ಬಿಟ್ಟುಕೊಡೋಕೂ ಆಗಲ್ಲ ಅನ್ನೋರು ಗೋಡೆಗೆ ಪ್ಲಾಸ್ಟಿಕ್ ಚಿಟ್ಟೆ ಅಂಟಿಸಿಕೊಳ್ಳಲಿ.