ನಾದಿರಾಳ ಬಾಪ, ಸಾರಾ ಅವರ ಬಾಪ

ಬೆಳಗ್ಗೆ ಸಿದ್ದಾಪುರ ಪೇಟೆಯಲ್ಲಿ ಕುಂದಾಪುರದ ಬಸ್ಸಿಗೆ ಕಾಯುವ ಮಕ್ಕಳ ಗುಂಪಿನಲ್ಲಿ ಈಗ ನಮ್ಮ ಹೆಣ್ಣು ಮಕ್ಕಳೂ ಇದ್ದಾರೆ. ಬಿ.ಕಾಂ., ಬಿ.ಎಡ್., ನರ್ಸಿಂಗ್ ಅಂದರೆ ಮನೆಯಲ್ಲಿ ಮೊದಲಿನಷ್ಟು ಗಲಾಟೆ ಇಲ್ಲ. ಆದರೆ ಆ ಗುಂಪಿನ ಒಬ್ಬಳು ಸಂಜೆ ಮನೆಗೆ ಬಂದು, "ಬಾಪ, ನಾನು ಕತೆ ಬರೀತೇನೆ, ಸಿನಿಮಾ ಮಾಡ್ಲಿಕ್ಕೆ ಕಲೀತೇನೆ" ಅಂದರೆ? ಉಮ್ಮ ಮೊದಲು ಬಾಪನ ಮುಖ ನೋಡ್ತಾರೆ. ಬಾಪ ದಮ್ಮಾಮಿನಲ್ಲೋ ಜುಬೈಲಿನಲ್ಲೋ ಇದ್ದರೆ ವಿಷಯ ರಾತ್ರಿಯ ಫೋನಿಗೆ ಹೋಗುತ್ತದೆ. "ಮೊದಲು ಡಿಗ್ರಿ ಮುಗೀಲಿ, ಆಮೇಲೆ ನೋಡುವ" ಎಂಬ ಉತ್ತರ ಬರುತ್ತದೆ. ಆಮೇಲೆ ನಿಕಾಹ್, ಮಕ್ಕಳು, ಸಂಸಾರ. ನೋಡುವ ದಿನ ಬರುವುದೇ ಇಲ್ಲ.

ಈ ಮಾತನ್ನು ಈಗ ಎತ್ತಲು ಕಾರಣ ಇದೆ. 2025ರ ಮೇ 20ರಂದು ಲಂಡನ್ನಿನಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ದೀಪಾ ಭಾಸ್ತಿ ಇಂಗ್ಲಿಷಿಗೆ ಅನುವಾದಿಸಿದ 'ಹಾರ್ಟ್ ಲ್ಯಾಂಪ್' ಸಂಕಲನದಲ್ಲಿ ಇರುವುದು 12 ಕಥೆಗಳು. ಕನ್ನಡಕ್ಕೆ ಈ ಪ್ರಶಸ್ತಿ ಸಿಕ್ಕಿದ್ದು ಇದೇ ಮೊದಲು. ಸಣ್ಣ ಕಥೆಗಳ ಸಂಕಲನವೊಂದಕ್ಕೆ ಸಿಕ್ಕಿದ್ದೂ ಮೊದಲ ಬಾರಿ. ಅಂದು ನಮ್ಮ ಮನೆಗಳ ವಾಟ್ಸ್ಆ್ಯಪ್ ಸ್ಟೇಟಸ್‌ಗಳಲ್ಲಿ ಅವರದ್ದೇ ಫೋಟೊ. ಹೆಮ್ಮೆ ಪಟ್ಟದ್ದು ಸರಿ. ಆದರೆ ಸ್ಟೇಟಸ್ ಹಾಕಿದವರಲ್ಲಿ ಎಷ್ಟು ಜನ ಆ ಕಥೆಗಳನ್ನು ಓದಿದ್ದೇವೆ? ನಮ್ಮ ಮನೆಯಲ್ಲೇ ಒಬ್ಬಳು ಬರೆಯಲು ಕೂತರೆ ನಾವು ಏನು ಹೇಳುತ್ತೇವೆ?

ಕರಾವಳಿಯ, ಕರ್ನಾಟಕದ ಮುಸ್ಲಿಂ ಹೆಣ್ಣು ಮಕ್ಕಳ ಬದುಕಿನ ಮೇಲೆ ಬಂದ ಸಿನಿಮಾಗಳನ್ನು ಒಮ್ಮೆ ಸಾಲಾಗಿ ಇಟ್ಟು ನೋಡಿ. ಬೊಳುವಾರು ಮಹಮದ್ ಕುಂಞಿ ಅವರ ಕಥೆ ಆಧರಿಸಿ ಪಿ. ಶೇಷಾದ್ರಿ 2000ದಲ್ಲಿ 'ಮುನ್ನುಡಿ' ಮಾಡಿದರು. ಕಡಲಾಚೆಯಿಂದ ಬಂದ ವ್ಯಾಪಾರಿಗಳು ಇಲ್ಲಿನ ಬಡ ಹುಡುಗಿಯರನ್ನು ಮದುವೆಯಾಗಿ ಬಿಟ್ಟು ಹೋದ ಕಥೆ ಅದು. ಬಾನು ಮುಷ್ತಾಕ್ ಅವರ 'ಕರಿ ನಾಗರಗಳು' ಕಥೆಯನ್ನು ಗಿರೀಶ್ ಕಾಸರವಳ್ಳಿ 2004ರಲ್ಲಿ 'ಹಸೀನಾ' ಮಾಡಿದರು. ಗಂಡ ಕೈಬಿಟ್ಟ ತಾಯಿ ಮಕ್ಕಳೊಂದಿಗೆ ಮಸೀದಿಯ ಮುಂದೆ ನ್ಯಾಯ ಕೇಳಿ ಕೂರುತ್ತಾಳೆ. ತಾರಾ ಅವರಿಗೆ ಈ ಪಾತ್ರಕ್ಕೆ ರಾಷ್ಟ್ರ ಪ್ರಶಸ್ತಿ ಬಂತು.

ನಮಗೆ ಇನ್ನೂ ಹತ್ತಿರದ್ದು 'ಗುಲಾಬಿ ಟಾಕೀಸ್'. ಕುಂದಾಪುರದಲ್ಲೇ ಹುಟ್ಟಿದ ವೈದೇಹಿ ಅವರ ಕಥೆ, ನಮ್ಮದೇ ಹೊಳೆ–ಕಡಲಿನ ಊರು. ಹೆರಿಗೆ ಮಾಡಿಸುವ ಗುಲಾಬಿಗೆ ಸಿನಿಮಾ ಅಂದರೆ ಹುಚ್ಚು. ಹೆರಿಗೆಯೊಂದಕ್ಕೆ ಪ್ರತಿಯಾಗಿ ಅವಳಿಗೆ ಟಿವಿ ಸಿಗುತ್ತದೆ. ಅವಳ ಸಣ್ಣ ಮನೆ ಊರಿನ ಹೆಂಗಸರಿಗೆ ಟಾಕೀಸ್ ಆಗುತ್ತದೆ. ಅಷ್ಟೇ ಅವಳ ಕನಸು, ಅದಕ್ಕಿಂತ ದೊಡ್ಡದೇನಲ್ಲ. ಆದರೆ ಕಾರ್ಗಿಲ್ ಯುದ್ಧದ ದಿನಗಳು, ಮೀನುಗಾರಿಕೆಯ ಪೈಪೋಟಿ, ಕಾಣೆಯಾದ ನೆರೆಮನೆಯ ಯುವತಿ, ಎಲ್ಲ ಸಿಟ್ಟೂ ಸೇರಿ ಕೊನೆಗೆ ಗುಲಾಬಿಯನ್ನು ಊರು ಬಿಡಿಸುತ್ತದೆ. ನಿನ್ನೆಯವರೆಗೆ ಅವಳ ಮನೆಯಲ್ಲಿ ಕೂತು ಟಿವಿ ನೋಡಿದವರ ನಡುವೆಯೇ ಅವಳು ಇದ್ದಕ್ಕಿದ್ದಂತೆ 'ಬೇರೆಯವಳು' ಆಗಿಬಿಡುತ್ತಾಳೆ. ಈ ಪಾತ್ರ ಮಾಡಿದ ಉಮಾಶ್ರೀ ಅವರಿಗೂ ರಾಷ್ಟ್ರ ಪ್ರಶಸ್ತಿ.

ನಮ್ಮ ಉಮ್ಮಂದಿರಂಥ ಪಾತ್ರ ಮಾಡಿ ಇಬ್ಬರು ನಟಿಯರು ದೇಶದ ದೊಡ್ಡ ಪ್ರಶಸ್ತಿ ಪಡೆದರು. ಅವರ ಪ್ರತಿಭೆಗೆ ಸಲಾಂ. ಆದರೆ ಈ ಎಲ್ಲ ಸಿನಿಮಾಗಳಲ್ಲಿ ನಮ್ಮವಳು ತಡೆಯಲ್ಪಟ್ಟವಳು, ಬಿಟ್ಟು ಹೋಗಲ್ಪಟ್ಟವಳು. ಕನಸು ಕಂಡು ಅದನ್ನು ಮುಟ್ಟಿದವಳ ಕಥೆ ಎಲ್ಲಿ? ಅಂಥವಳು ಇಲ್ಲವೇ ಇಲ್ಲ ಎಂದಲ್ಲ. ಅವಳನ್ನು ಹುಡುಕಲು ಕಥೆಯ ಒಳಗೆ ಅಲ್ಲ, ಕಥೆ ಬರೆದವರ ಬದುಕಿಗೆ ಹೋಗಬೇಕು.

ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಮೊದಲು 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬಂತು. ಅದರಲ್ಲಿ ನಾದಿರಾಳ ಬಾಪ ಅಳಿಯನ ಜೊತೆಗಿನ ಮನಸ್ತಾಪಕ್ಕೆ ಮಗಳ ಸಂಸಾರವನ್ನೇ ಮುರಿಯುತ್ತಾನೆ. ಮಗಳ ಮನಸ್ಸು ಏನು ಎಂದು ಒಂದು ಮಾತು ಕೇಳುವುದಿಲ್ಲ. ಅವಳಿಗೆ ದೊಡ್ಡ ಆಸೆಗಳೇನೂ ಇರಲಿಲ್ಲ. ಗಂಡ, ಮಗು, ಒಂದು ಮನೆ ಇಷ್ಟೇ. ಅದೂ ಉಳಿಯಲಿಲ್ಲ. ವಾಪಸು ಗಂಡನ ಮನೆ ಸೇರಬೇಕಾದರೆ ಇನ್ನೊಬ್ಬನನ್ನು ಮದುವೆಯಾಗಿ ಬರಬೇಕು ಎಂಬಲ್ಲಿಗೆ ಬಂದಾಗ ಅವಳ ಬದುಕು ನೀರಿನಲ್ಲಿ ಕೊನೆಯಾಗುತ್ತದೆ.

ಈಗ ಬರೆದವರ ಬದುಕು ನೋಡಿ. ಸಾರಾ ಹುಟ್ಟಿದ್ದು 1936ರಲ್ಲಿ, ಕಾಸರಗೋಡಿನಲ್ಲಿ. ಅವರ ಬಾಪ ವಕೀಲರು. ಮುಸ್ಲಿಂ ಹೆಣ್ಣು ಮಕ್ಕಳು ಶಾಲೆಯ ಕಡೆ ತಲೆ ಹಾಕದ ಕಾಲದಲ್ಲಿ ಮಗಳನ್ನು ಕನ್ನಡ ಶಾಲೆಗೆ ಕಳಿಸಿದರು. ಆ ಭಾಗದಲ್ಲಿ ಶಾಲೆ ಪೂರೈಸಿದ ಮೊದಲ ಕೆಲವು ಮುಸ್ಲಿಂ ಹುಡುಗಿಯರಲ್ಲಿ ಸಾರಾ ಒಬ್ಬರು. ಅಲ್ಲಿಗೆ ಓದು ನಿಂತಿತು. ಮುಂದೆ ಕಲಿಯಬೇಕೆಂಬ ಆಸೆಗೆ ಆ ಕಾಲದ ಕಟ್ಟುಪಾಡು ಅಡ್ಡ ಬಂತು, ಮದುವೆಯಾಯಿತು. ಗ್ರಂಥಾಲಯದ ಸದಸ್ಯತ್ವ ಸಿಕ್ಕಿದ್ದು 1963ರಲ್ಲಿ. ಬರವಣಿಗೆ ಅಚ್ಚಾಗಲು ಶುರುವಾದದ್ದು 1981ರಲ್ಲಿ. ಆಗ ಅವರಿಗೆ 45 ವರ್ಷ, ನಾಲ್ಕು ಗಂಡು ಮಕ್ಕಳ ಉಮ್ಮ.

ಅಂದರೆ ಬಾಪ ತೆಗೆದ ಬಾಗಿಲು ಅರ್ಧವೇ ತೆರೆದಿತ್ತು. ಆ ಅರ್ಧ ಬಾಗಿಲಿನಿಂದಲೇ ಇಷ್ಟೊಂದು ಕಾದಂಬರಿ, ಕಥೆ, ಅನುವಾದ ಹೊರಗೆ ಬಂತು. ಪೂರ್ತಿ ತೆರೆದಿದ್ದರೆ? ಆ ಪುಸ್ತಕಗಳಿಗೆ ಇನ್ನೂ 20 ವರ್ಷ ಸಿಗುತ್ತಿತ್ತು.

ಬಾನು ಮುಷ್ತಾಕ್ ಅವರದ್ದೂ ಇಂಥದ್ದೇ ಕಥೆ. ನಮ್ಮ ಮಕ್ಕಳ ಹಾಗೆ ಅವರದ್ದೂ ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು. ಎಂಟು ವರ್ಷದ ಮಗಳನ್ನು ಬಾಪ ಶಿವಮೊಗ್ಗದ ಕನ್ನಡ ಮಾಧ್ಯಮದ ಕಾನ್ವೆಂಟಿಗೆ ಕರೆದುಕೊಂಡು ಹೋದರು. ಆರು ತಿಂಗಳಲ್ಲಿ ಕನ್ನಡ ಓದು–ಬರಹ ಬಾರದಿದ್ದರೆ ಸೀಟಿಲ್ಲ ಎಂಬ ಷರತ್ತು. ಹುಡುಗಿ ಕೆಲವೇ ದಿನಗಳಲ್ಲಿ ಬರೆಯತೊಡಗಿದಳು. ಆ ಷರತ್ತಿಗೆ ಹೆದರಿ ಬಾಪ ಅಂದೇ ವಾಪಸು ಬಂದಿದ್ದರೆ ಲಂಡನ್ನಿನ ವೇದಿಕೆ ಎಲ್ಲಿ, ಬೂಕರ್ ಎಲ್ಲಿ?

ಮನೆಯ ಬಾಗಿಲು ದಾಟಿದ ಮೇಲೂ ದಾರಿ ಸಲೀಸಲ್ಲ. ಹೆಂಗಸರಿಗೂ ಮಸೀದಿಯಲ್ಲಿ ಜಾಗ ಬೇಕು ಅಂದಿದ್ದಕ್ಕೆ 2000ದಲ್ಲಿ ಬಾನು ಅವರು ತಮ್ಮವರಿಂದಲೇ ಬಹಿಷ್ಕಾರ ಎದುರಿಸಿದರು. 2025ರಲ್ಲಿ ಮೈಸೂರು ದಸರಾ ಉದ್ಘಾಟನೆಗೆ ಸರ್ಕಾರ ಕರೆದಾಗ, ಅವರು ಮುಸ್ಲಿಂ ಎಂಬ ಕಾರಣಕ್ಕೆ ಬೇರೆ ಕಡೆಯವರು ಕೋರ್ಟಿಗೆ ಹೋದರು. ಹೈಕೋರ್ಟೂ ಸುಪ್ರೀಂ ಕೋರ್ಟೂ ಅದನ್ನು ತಳ್ಳಿ ಹಾಕಿದವು. ಸೆಪ್ಟೆಂಬರ್ 22ರಂದು ಅವರೇ ಉದ್ಘಾಟಿಸಿದರು. ಒಂದೇ ಹೆಂಗಸಿಗೆ ಎರಡು ಕಡೆಯ ಕೋಪ. ಕನಸಿನ ಜೊತೆಗೆ ಗುರುತೂ ಇರುವ ಹೆಣ್ಣಿಗೆ ಇದು ಹೊಸದಲ್ಲ.

ಇದು ಕುಂದಾಪುರದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2022ರ ಫೆಬ್ರವರಿಯಲ್ಲಿ ಇಲ್ಲಿನ ಸರ್ಕಾರಿ ಪದವಿಪೂರ್ವ ಕಾಲೇಜಿನ ಗೇಟಿನ ಹೊರಗೆ ನಿಂತ ಹಿಜಾಬಿನ ಹುಡುಗಿಯರನ್ನು ಇಡೀ ದೇಶ ನೋಡಿತು. ಮಾರ್ಚ್ 15ರಂದು ಹೈಕೋರ್ಟ್ ಸರ್ಕಾರದ ಆದೇಶ ಎತ್ತಿ ಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಬೇರೆ ಬೇರೆ ತೀರ್ಪು ಕೊಟ್ಟರು. ಆ ಹುಡುಗಿಯರು ಅಂದು ಕೇಳಿದ್ದು ಕ್ಲಾಸಿನ ಒಳಗೆ ಒಂದು ಬೆಂಚು. ಅಂದು ಬಂದ ಹೆದರಿಕೆ ಹೆತ್ತವರ ಮನಸ್ಸಿನಿಂದ ಇನ್ನೂ ಹೋಗಿಲ್ಲ. "ಹೊರಗೆ ಹೀಗಿರುವಾಗ ಮಗಳನ್ನು ಕತೆ, ಸಿನಿಮಾ ಅಂತ ಎಲ್ಲಿಗೆ ಕಳಿಸುವುದು?" ಎಂದು ಕೇಳುವ ಬಾಪನನ್ನು ಕೆಟ್ಟವ ಎನ್ನಲಾಗದು. ಅವರ ಹೆದರಿಕೆ ನಿಜ.

ಆದರೆ ಇಲ್ಲೇ ನಾವು ಸ್ವಲ್ಪ ನಿಂತು ಯೋಚಿಸಬೇಕು. ಕಾಲೇಜಿನ ಗೇಟು ನಮ್ಮ ಕೈಯಲ್ಲಿಲ್ಲ. ಅದಕ್ಕೆ ಕೋರ್ಟು, ಸರ್ಕಾರ, ಸಂವಿಧಾನ ಇದೆ. ಮನೆಯ ಬಾಗಿಲು ನಮ್ಮ ಕೈಯಲ್ಲೇ ಇದೆ. ಹೊರಗಿನವರು ಒಂದು ಬಾಗಿಲು ಹಾಕಿದರು ಅಂತ ನಾವು ಇನ್ನೊಂದು ಹಾಕಿದರೆ ಹುಡುಗಿ ನಡುವೆ ಸಿಕ್ಕಿ ಬೀಳುತ್ತಾಳೆ. ಅವಳ ಕಥೆಯನ್ನು ಆಮೇಲೆ ಬೇರೆ ಯಾರೋ ಬರೆಯುತ್ತಾರೆ.

ಬರೆದವರ ಹೆಸರು ಎಂತಕ್ಕೆ ಮುಖ್ಯ ಎಂದು ಕೇಳುವವರಿಗೆ ಸಾರಾ ಅವರೇ ಉತ್ತರ ಕೊಟ್ಟಿದ್ದಾರೆ. ಸುವೀರನ್ ನಿರ್ದೇಶಿಸಿದ 'ಬ್ಯಾರಿ' ನಮ್ಮ ಭಾಷೆಯ ಮೊದಲ ಚಲನಚಿತ್ರ. 59ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ಮರಾಠಿಯ 'ದೇವೂಳ್' ಜೊತೆ ಅತ್ಯುತ್ತಮ ಚಿತ್ರ ಎನಿಸಿತು. ನಮಗೆಲ್ಲ ಖುಷಿಯೋ ಖುಷಿ. ಆದರೆ ಅದು ತನ್ನ ಕಾದಂಬರಿಯ ಕಥೆ, ತನ್ನ ಅನುಮತಿ ಪಡೆದಿಲ್ಲ ಎಂದು ಸಾರಾ ಮಂಗಳೂರಿನ ಕೋರ್ಟಿಗೆ ಹೋದರು. 75 ದಾಟಿದ ಹೆಂಗಸು ವರ್ಷಗಟ್ಟಲೆ ಕಾದು ತನ್ನ ಪರ ತೀರ್ಪು ಪಡೆದರು. ಗೆದ್ದದ್ದು ಒಂದು ಮಾತು: ಇದು ನಾನು ಬರೆದದ್ದು. ನಾದಿರಾಳಿಗೆ ಯಾರೂ ಆಡಲು ಬಿಡದ ಮಾತು ಅದೇ, ನನ್ನದು ಎಂಬ ಮಾತು. 2023ರ ಜನವರಿ 10ರಂದು ಸಾರಾ ತೀರಿಕೊಂಡರು.

ಹೊಟ್ಟೆಪಾಡಿನ ಪ್ರಶ್ನೆಯೂ ಇದೆ. ಕತೆ ಬರೆದರೆ ಅಕ್ಕಿ ಬರ್ತದಾ? ಬರಲಿಕ್ಕಿಲ್ಲ. ಬಾನು ಮುಷ್ತಾಕ್ ವಕೀಲರಾಗಿ ದುಡಿದರು, ಪತ್ರಿಕೆಯಲ್ಲಿ ಕೆಲಸ ಮಾಡಿದರು, ಜೊತೆಗೆ ಬರೆದರು. ಡಿಗ್ರಿ ಬೇಡ, ಕೆಲಸ ಬೇಡ ಎಂದು ಯಾರೂ ಹೇಳುತ್ತಿಲ್ಲ. ಬಿ.ಕಾಂ. ಓದುವ ಹುಡುಗಿ ಕತೆಯನ್ನೂ ಬರೆಯಬಹುದು. ಕೇಳುವುದು ಇಷ್ಟೇ, "ಆಮೇಲೆ" ಅನ್ನಬೇಡಿ.

ಶುರು ಮಾಡಲು ದೊಡ್ಡ ಖರ್ಚಿಲ್ಲ. ನಮ್ಮ ಗ್ರಾಮ ಪಂಚಾಯತ್‌ಗಳ ಗ್ರಂಥಾಲಯಗಳಿಗೆ ಈಗ 'ಅರಿವು ಕೇಂದ್ರ' ಎಂಬ ಹೆಸರಿದೆ. 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಸಾರಾ ಅವರಿಗೆ 27ನೇ ವಯಸ್ಸಿನಲ್ಲಿ ಸಿಕ್ಕಿದ್ದು ನಮ್ಮ ಹತ್ತು ವರ್ಷದ ಮಗಳಿಗೆ ಈ ವಾರವೇ ಸಿಗುತ್ತದೆ. ಒಂದು ಸಂಜೆ ಮದ್ರಸ ಬಿಟ್ಟ ಮೇಲೆ ಬಾಪ ಅವಳನ್ನು ಕೈ ಹಿಡಿದು ಅಲ್ಲಿಗೆ ಕರೆದುಕೊಂಡು ಹೋಗಲಿ. ಗಲ್ಫಿನಲ್ಲಿ ಇರುವ ಬಾಪ ರಾತ್ರಿಯ ಫೋನಿನಲ್ಲಿ ಮಾರ್ಕ್ಸ್ ಕೇಳುವ ಮೊದಲು, "ಈ ವಾರ ಎಂತ ಓದಿದೆ ಮೋಳೆ?" ಎಂದು ಕೇಳಲಿ. ಅವಳು ಹೇಳುವ ಕತೆಯನ್ನು ಕೊನೆವರೆಗೆ ಕೇಳಿ, ಆಮೇಲೆ ಫೋನ್ ಇಡಲಿ.