ಒಬ್ಬರೇ ಆಡುವ ಆಟ

ಹೋದ ತಿಂಗಳು ಈ ಪುಟದಲ್ಲಿ, ಮಕ್ಕಳು ರಜೆಯ ದಿನಗಳನ್ನು ಸಾರ್ಥಕವಾಗಿ ಕಳೆಯುವ ಬಗೆಯನ್ನು ಕುರಿತು ನಾನು ಬಹಳ ಧೈರ್ಯದಿಂದ ನಾಲ್ಕು ಮಾತು ಬರೆದಿದ್ದೆನು. ಮೂವತ್ತು ವರ್ಷಗಳಿಗೂ ಮೀರಿ ಹುಡುಗರಿಗೆ ಪಾಠ ಹೇಳಿದವನಿಗೆ ಉಪದೇಶವೆಂಬುದು ಉಸಿರಾಟದಷ್ಟೇ ಸುಲಭವಷ್ಟೆ. ಆದರೆ ಆ ಸಂಚಿಕೆಯು ವಾಚಕರ ಕೈಸೇರುವ ವೇಳೆಗೆ ನಮ್ಮ ಮನೆಯಲ್ಲಿಯೇ ನಡೆದ ಒಂದು ಸಂಗತಿಯು ನನ್ನನ್ನು ಉಪದೇಶಕನ ಪೀಠದಿಂದಿಳಿಸಿ ವಿದ್ಯಾರ್ಥಿಯ ಮಣೆಯ ಮೇಲೆ ಕುಳ್ಳಿರಿಸಿತು. ಅದನ್ನು ಮುಚ್ಚಿಡದೆ ಹೇಳುವುದು ನ್ಯಾಯವೆಂದು ತೋರಿ, ಈ ಸಲದ ಪುಟವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ರಜೆಗೆಂದು ಬೆಂಗಳೂರಿನಿಂದ ನಮ್ಮ ಜಡಿಗೇನಹಳ್ಳಿಗೆ ಬಂದ ಮೊಮ್ಮಗಳಿಗೆ ಮೂರನೆಯ ದಿನವೇ ಮೈಮೇಲೆ ಅಮ್ಮ ಎದ್ದಿತು. ಹೊಸಕೋಟೆಯ ವೈದ್ಯರು ನೋಡಿ, ಭಯಪಡಬೇಕಾದುದಿಲ್ಲವೆಂದೂ, ಗುಳ್ಳೆಗಳೆಲ್ಲ ಒಣಗಿ ಹಕ್ಕಳೆಗಟ್ಟುವವರೆಗೆ ಅವಳ ತಮ್ಮನನ್ನು ಮಾತ್ರ ಹತ್ತಿರ ಸೇರಿಸಕೂಡದೆಂದೂ ಹೇಳಿದರು. ಹಿತ್ತಲ ಕಡೆಯ ಕೋಣೆಯನ್ನು ಅವಳಿಗೆ ಬಿಟ್ಟುಕೊಟ್ಟೆವು. ಹನ್ನೆರಡು ವರ್ಷದ ಹುಡುಗಿ. ಹೊರಗೆ ತಮ್ಮನೂ ನೆರೆಮನೆಯ ಮಕ್ಕಳೂ ಕೂಗಾಡುತ್ತ ಆಡುವುದು ಕಿವಿಗೆ ಬೀಳುತ್ತದೆ, ಕಿಟಕಿಯಿಂದ ಕಣ್ಣಿಗೂ ಬೀಳುತ್ತದೆ, ಆದರೆ ಹೋಗುವಂತಿಲ್ಲ. ಬಾಲ್ಯದಲ್ಲಿಯೇ ಅಮ್ಮ ಆಗಿ ಹೋಗಿದ್ದುದರಿಂದ ನನಗೆ ಒಳಗೆ ಹೋಗಿಬರಲು ಅಡ್ಡಿಯಿರಲಿಲ್ಲ. ಆದರೂ ಮೊದಲೆರಡು ದಿನ ನಾನು ಹೋದದ್ದು ಗಂಜಿಯ ಲೋಟ ಇಟ್ಟುಬರುವುದಕ್ಕೆ ಮಾತ್ರವೇ ಎಂಬುದನ್ನು ನಾಚಿಕೆಯಿಂದ ಒಪ್ಪಿಕೊಳ್ಳಬೇಕಾಗಿದೆ.

ಮೂರನೆಯ ದಿನ ಮಧ್ಯಾಹ್ನ ಆ ಕೋಣೆಯಿಂದ ಮಾತು ಕೇಳಿಸಿತು. ತಮ್ಮನೇನಾದರೂ ಕಣ್ಣು ತಪ್ಪಿಸಿ ಒಳಸೇರಿದನೋ ಎಂದು ಹೋಗಿ ನೋಡಿದರೆ, ಹುಡುಗಿಯೊಬ್ಬಳೇ ಚಾಪೆಯ ಮೇಲೆ ಕುಳಿತಿದ್ದಳು. ಎದುರಿಗೆ ಅಗಲವಾದ ಒಂದು ಬಣ್ಣದ ಪಟ, ಕೆಲವು ಕಾಯಿಗಳು, ಚೀಟಿಗಳು, ದಾಳಗಳು, ಪಕ್ಕದಲ್ಲಿ ದಪ್ಪನೆಯದೊಂದು ಪುಸ್ತಕ. ದಾಳ ಹಾಕುವಳು, ಪುಸ್ತಕ ತಿರುವುವಳು, ಗಟ್ಟಿಯಾಗಿ ಓದುವಳು, ತನಗೆ ತಾನೇ ‘ಅಯ್ಯೋ’ ಎನ್ನುವಳು. ನನಗೆ ಸರಿಬೀಳಲಿಲ್ಲ.

“ಇದೇನಮ್ಮ, ಒಬ್ಬಳೇ ಮಾತನಾಡಿಕೊಂಡು ಆಡುವುದು? ಆಟವೆಂದಮೇಲೆ ಎದುರಾಳಿ ಬೇಡವೇ? ಇದು ಒಳ್ಳೆಯ ಅಭ್ಯಾಸವಲ್ಲ” ಎಂದೆನು.

ಅವಳು ತಲೆಯೆತ್ತದೆಯೇ, “ಅಜ್ಜಿ ಹೋದಮೇಲೆ ನೀವೂ ಒಬ್ಬರೇ ಮಾತಾಡಿಕೊಳ್ಳುತ್ತೀರಲ್ಲ ತಾತ, ಬೆಳಿಗ್ಗೆ ಹೂ ಬಿಡಿಸುವಾಗ” ಎಂದಳು.

ಅದರಲ್ಲಿ ಕುಚೋದ್ಯವೇನೂ ಇರಲಿಲ್ಲ. ಕಂಡದ್ದನ್ನು ಹೇಳಿದಳು, ಅಷ್ಟೆ. ನನ್ನ ಗೃಹಿಣಿ ತೀರಿಕೊಂಡು ಎರಡು ವರ್ಷವಾಯಿತು. ನಾನು ಹಾಗೆ ಮಾತನಾಡುತ್ತೇನೆಂಬುದು ನನಗೇ ತಿಳಿದಿರಲಿಲ್ಲ. ಉತ್ತರ ತೋಚದೆ ಚಾಪೆಯ ಒಂದು ತುದಿಯಲ್ಲಿ ಕುಳಿತುಬಿಟ್ಟೆನು.

ಆ ಆಟವನ್ನು ಅವಳ ಸೋದರಮಾವನು ಅಮೆರಿಕದಿಂದ ತಂದುಕೊಟ್ಟಿದ್ದನಂತೆ. ಹೆಸರು ‘ಟೇಲ್ಸ್ ಆಫ್ ದಿ ಅರೇಬಿಯನ್ ನೈಟ್ಸ್’. 1985ರಲ್ಲಿ ಮೊದಲು ಹೊರಟು, 2009ರಲ್ಲಿ ಹೊಸ ರೂಪದಿಂದ ಮತ್ತೆ ಬಂದದ್ದು. ಆರು ಮಂದಿಯವರೆಗೆ ಕೂಡಿ ಆಡಬಹುದು, ಒಬ್ಬರೇ ಆದರೂ ಆಡಬಹುದು. ಆಡುವವನು ಸಿಂದಬಾದನೋ, ಅಲ್ಲಾವುದ್ದೀನನೋ, ಆಲಿಬಾಬನೋ ಆಗಿ ಬಾಗ್ದಾದ್ ನಗರದಿಂದ ಹೊರಡುತ್ತಾನೆ. ಕಡಲು, ಮರಳುಗಾಡು, ದ್ವೀಪಗಳನ್ನು ಸುತ್ತುವಾಗ ದಾರಿಯಲ್ಲಿ ಯಾರಾದರೂ ಎದುರಾಗುತ್ತಾರೆ: ಭಿಕ್ಷುಕ, ಮಂತ್ರವಾದಿ, ರಾಕ್ಷಸ. ಅವನಿಗೆ ನೆರವಾಗುವುದೇ, ಅವನಿಂದ ಅಡಗಿಕೊಳ್ಳುವುದೇ, ಅವನನ್ನು ದೋಚುವುದೇ ಎಂಬುದನ್ನು ಆಡುವವನೇ ಆರಿಸಿಕೊಳ್ಳಬೇಕು. ಆರಿಸಿದ ಕಾರ್ಯಕ್ಕೆ ಒಂದು ಸಂಖ್ಯೆಯುಂಟು. ಪುಸ್ತಕದಲ್ಲಿ ಆ ಸಂಖ್ಯೆಯ ಕಥಾಭಾಗವನ್ನು ತೆಗೆದು ಓದಿದರೆ ಮುಂದೇನಾಯಿತೆಂಬುದು ತಿಳಿಯುತ್ತದೆ. ಇಂಥ ಭಾಗಗಳು ಎರಡು ಸಾವಿರಕ್ಕೂ ಹೆಚ್ಚಾಗಿವೆ. ಸಂಖ್ಯೆಯನ್ನು ನೋಡುವುದಕ್ಕೆ ಮೊದಲು ‘ವಿಧಿಯ ದಾಳ’ವೊಂದನ್ನು ಉರುಳಿಸಬೇಕು, ಅದು ಒಂದನ್ನು ಕೂಡಿಸಿಯೋ ಕಳೆದೋ ಕಥೆಯನ್ನು ಬೇರೆ ಕಡೆಗೆ ತಿರುಗಿಸಿಬಿಡಬಹುದು. ಪುರುಷಪ್ರಯತ್ನಕ್ಕೂ ದೈವಕ್ಕೂ ಇರುವ ಸಂಬಂಧವನ್ನು ತರಗತಿಯಲ್ಲಿ ವಿವರಿಸಲು ನಾನು ಪಟ್ಟ ಪಾಡನ್ನು ನೆನೆದರೆ, ಈ ಸಣ್ಣ ದಾಳವು ಒಳ್ಳೆಯ ಉಪಾಧ್ಯಾಯನೆಂದೇ ಹೇಳಬೇಕು. ದಾರಿ ತಪ್ಪಿದವನಾಗಬಹುದು, ಸೆರೆಯಾಳಾಗಬಹುದು, ಶೋಕಗ್ರಸ್ತನಾಗಬಹುದು, ಮೃಗರೂಪವೂ ಬರಬಹುದು. ಕೊನೆಗೆ ಗೆಲ್ಲಬೇಕಾದರೆ ಪಡೆಯಬೇಕಾದುದನ್ನು ಪಡೆದು ಬಾಗ್ದಾದಿಗೇ ಹಿಂದಿರುಗಬೇಕು.

ಹುಡುಗಿ ಇಂಗ್ಲಿಷಿನಿಂದ ಕನ್ನಡಕ್ಕೆ ತಿರುಗಿಸಿ ಹೇಳುತ್ತ ಹೋದಳು. ನಾನು ಸಂಜೆಯವರೆಗೂ ಏಳಲಿಲ್ಲ. ಅಂದು ಅವಳ ನಾಯಕನು ಸೆರೆಗೆ ಬಿದ್ದನು. “ನಾನೂ ಸೆರೆ, ಅವನೂ ಸೆರೆ ತಾತ. ಯಾರು ಮೊದಲು ಬಿಡಿಸಿಕೊಳ್ಳುತ್ತೇವೋ ನೋಡೋಣ” ಎಂದು ನಕ್ಕಳು. ಎದುರಾಳಿಯಿಲ್ಲದ ಆಟದಲ್ಲಿ ಆ ಮಗುವಿಗೆ ಜೊತೆಯೊಂದು ದೊರೆತಿದೆಯೆಂಬುದು ಆಗ ನನಗೆ ಹೊಳೆಯಿತು.

ಮರುದಿನ ಮಧ್ಯಾಹ್ನ ಅವಳು ನಿದ್ರಿಸುತ್ತಿರಲು, ನಾನು ಆ ಪಟವನ್ನು ಹಜಾರಕ್ಕೆ ತಂದು ಕನ್ನಡಕವೇರಿಸಿ ಸಿಂದಬಾದನಾಗಿ ಹೊರಟೆನು. ಕೂಡಿ ಆಡುವಾಗ ಕಥಾಭಾಗವನ್ನು ಮತ್ತೊಬ್ಬರು ಓದಿ ಹೇಳುತ್ತಾರೆ. ಒಬ್ಬನೇ ಆದಾಗ ಪುಸ್ತಕವು ನಮ್ಮ ಕೈಯಲ್ಲಿಯೇ ಇರುತ್ತದೆ. ಒಂದು ಕಡೆ ನಾನು ಆರಿಸಿದ ಮಾರ್ಗವು ಕೇಡಿಗೆ ಕಾರಣವಾಯಿತು. ಬೆರಳನ್ನು ಆ ಪುಟದಲ್ಲಿಟ್ಟುಕೊಂಡೇ ಇನ್ನೊಂದು ಮಾರ್ಗದಲ್ಲಿ ಏನಿತ್ತೆಂದು ನೋಡಿದೆನು. ಅಲ್ಲಿ ನಿಧಿಯಿತ್ತು. ‘ಮೊದಲು ನಾನು ಯೋಚಿಸಿದ್ದೂ ಇದನ್ನೇ ಅಲ್ಲವೇ’ ಎಂದು ಸಮಾಧಾನ ಹೇಳಿಕೊಂಡು ನಿಧಿಯನ್ನು ತೆಗೆದುಕೊಂಡೆನು. ಎರಡನೆಯ ಸಲ ಸಮಾಧಾನವೂ ಬೇಕಾಗಲಿಲ್ಲ. ಸಿಂದಬಾದನು ಒಂದು ಗಾಯವೂ ಇಲ್ಲದೆ ಐಶ್ವರ್ಯವಂತನಾಗಿ ಬಾಗ್ದಾದಿಗೆ ಬಂದಿಳಿದನು.

ಸಂಜೆ ಹುಡುಗಿ, “ನಿಮ್ಮ ಸಿಂದಬಾದ ಏನಾದ ತಾತ? ಕಥೆ ಹೇಳಿ” ಎಂದಳು. ಹೇಳಲು ಬಾಯಿ ತೆರೆದೆನು. ಹೇಳಲು ಏನೂ ಇರಲಿಲ್ಲ. ನಿಧಿ ಸಿಕ್ಕಿತು, ಮತ್ತೊಂದು ನಿಧಿ ಸಿಕ್ಕಿತು, ಮನೆಗೆ ಬಂದನು. ಅವಳು ನನ್ನ ಮುಖವನ್ನೇ ನೋಡಿ, “ಪುಟ ತಿರುವಿ ನೋಡಿದಿರಾ?” ಎಂದು ಕೇಳಿದಳು. ಪರೀಕ್ಷೆಯಲ್ಲಿ ಪಕ್ಕದವನ ಹಾಳೆಯ ಕಡೆಗೆ ಕಣ್ಣು ಹೊರಳಿಸಿದ ಎಷ್ಟು ಹುಡುಗರನ್ನು ನಾನು ಬೆಂಚಿನ ಮೇಲೆ ನಿಲ್ಲಿಸಿದ್ದೇನೋ ಲೆಕ್ಕವಿಲ್ಲ. ಅವರೆಲ್ಲರೂ ಆಗ ಕಿಟಕಿಯಲ್ಲಿ ನಿಂತು ನಗುತ್ತಿರುವಂತೆ ತೋರಿತು. ಹೌದೆಂದು ಒಪ್ಪಿಕೊಂಡೆನು. “ಪರವಾಗಿಲ್ಲ, ನಾಳೆ ಮೊದಲಿನಿಂದ ಆಡಿ” ಎಂದಳು. ನನ್ನ ಶಿಷ್ಯರಿಗೆ ಅಷ್ಟು ಸುಲಭವಾಗಿ ಕ್ಷಮೆ ದೊರೆತಿರಲಿಲ್ಲ.

ರಾತ್ರಿ ಮಲಗಿದಾಗ ಇದನ್ನೇ ಯೋಚಿಸಿದೆನು. ನಮ್ಮ ಪುರಾಣೇತಿಹಾಸಗಳಲ್ಲಿ ಆಟವೆಂದರೆ ಇಬ್ಬರ ನಡುವಣ ಪಣ. ಧರ್ಮರಾಯನು ರಾಜ್ಯವನ್ನೂ ತಮ್ಮಂದಿರನ್ನೂ ಪತ್ನಿಯನ್ನೂ ಸೋತನು. ನಳನು ಪುಷ್ಕರನಿಗೆ ಸೋತು ಕಾಡು ಸೇರಿದನು. ಋಗ್ವೇದದ ಹತ್ತನೆಯ ಮಂಡಲದಲ್ಲಿಯೇ ಜೂಜುಗಾರನ ಅಳಲನ್ನು ಹೇಳುವ ಸೂಕ್ತವೊಂದಿದೆ. ಆದರೆ ಒಂಟಿಯಾಗಿ ಉಳಿದವರು ಆಟದ ಮಣೆಯನ್ನು ಆಶ್ರಯಿಸಿದ ಬೇರೊಂದು ಪರಂಪರೆಯೂ ನಮ್ಮಲ್ಲುಂಟು. ಅದನ್ನು ನಾವು ಗಮನಿಸುವುದಿಲ್ಲ.

ಮುಮ್ಮಡಿ ಕೃಷ್ಣರಾಜ ಒಡೆಯರನ್ನು ನೋಡಿ. 1794ರಲ್ಲಿ ಹುಟ್ಟಿ, 1799ರಲ್ಲಿ ಬಾಲಕರಾಗಿರುವಾಗಲೇ ಸಿಂಹಾಸನವೇರಿದರು. 1831ರಲ್ಲಿ ಆಂಗ್ಲರು ರಾಜ್ಯದ ಆಡಳಿತವನ್ನು ತಮ್ಮ ಕೈಗೆ ತೆಗೆದುಕೊಂಡರು. 1868ರಲ್ಲಿ ಕಾಲವಾಗುವವರೆಗೆ, ಮೂವತ್ತೇಳು ವರ್ಷ, ಅದು ಅವರಿಗೆ ಹಿಂದಿರುಗಲಿಲ್ಲ. ಅರಮನೆಯುಂಟು, ಆಳ್ವಿಕೆಯಿಲ್ಲ. ಅಂಥ ಪ್ರಭುವು ವಿದ್ಯೆಗಳಲ್ಲಿಯೂ ಕಲೆಗಳಲ್ಲಿಯೂ ಮನಸ್ಸಿಟ್ಟುದಲ್ಲದೆ ಬಗೆಬಗೆಯ ಮಣೆಯಾಟಗಳನ್ನು ಕಲ್ಪಿಸಿದರು. ಅವರ ‘ಶ್ರೀತತ್ತ್ವನಿಧಿ’ಯಲ್ಲಿ ಕೌತುಕನಿಧಿಯೆಂಬ ಭಾಗವೇ ಆಟಗಳಿಗೆ ಸಂಬಂಧಿಸಿದ್ದು. ಚದುರಂಗದ ಕುದುರೆಯೊಂದನ್ನೇ ನಡೆಸಿ, 64 ಮನೆಗಳಲ್ಲಿ ಪ್ರತಿಯೊಂದನ್ನೂ ಒಂದೊಂದೇ ಸಲ ಮುಟ್ಟಿಬರುವ ಬಂಧಗಳನ್ನೂ ಅವರು ರಚಿಸಿದರು. ಸಂಸ್ಕೃತ ಕವಿಗಳಿಗೆ ಇದು ಹಳೆಯ ಮೋಹ: ಒಂಬತ್ತನೆಯ ಶತಮಾನದ ಕಾಶ್ಮೀರದ ರುದ್ರಟನ ‘ಕಾವ್ಯಾಲಂಕಾರ’ದಲ್ಲಿ ತುರಗಪದ ಬಂಧವುಂಟು, ವೇದಾಂತ ದೇಶಿಕರ ‘ಪಾದುಕಾಸಹಸ್ರ’ದಲ್ಲಿಯೂ ಉಂಟು. ವಿದ್ಯಾರ್ಥಿಯಾಗಿದ್ದಾಗ ನಾನು ಇವನ್ನು ಬರಿಯ ಶಬ್ದಚಮತ್ಕಾರವೆಂದು ತಿಳಿದಿದ್ದೆನು. ಈಗ ಕುದುರೆಯ ಬಂಧವೆಂದರೆ ಎದುರು ಸೇನೆಯಿಲ್ಲದ ಮಣೆಯ ಮೇಲೆ ಒಂದೇ ಕುದುರೆಯು ಮನೆಮನೆಯನ್ನೂ ಸುತ್ತಿಬರುವುದು ಕಣ್ಣಿಗೆ ಕಟ್ಟುತ್ತದೆ. ಅದನ್ನು ನಡೆಸುವ ಕೈ ರಾಜ್ಯ ಕಳೆದುಕೊಂಡ ದೊರೆಯದು. ಅಲ್ಲಿ ಒಂದು ಮನೆಯನ್ನು ಎರಡು ಸಲ ಮುಟ್ಟಿ ‘ಆಯಿತು’ ಎನ್ನಬಹುದಾಗಿತ್ತು, ಕೇಳುವವರು ಯಾರು? ಆದರೆ ಹಾಗೆ ಮಾಡಿದರೆ ಬಂಧವೇ ಇಲ್ಲ.

ಇನ್ನೊಂದನ್ನು ಹೇಳದಿದ್ದರೆ ಈ ಬರಹವು ಅರ್ಧವಾದೀತು. ನನ್ನ ಗೃಹಿಣಿಗೆ ತೌರಿನಿಂದ ಬಂದ ಹಲಸಿನ ಮರದ ಅಳಿಗುಳಿ ಮಣೆಯೊಂದು ನಮ್ಮ ಅಟ್ಟದ ಮೇಲಿದೆ. ಏಳು ಏಳು ಗುಳಿಗಳ ಎರಡು ಸಾಲು, ಒಟ್ಟು 14. ಮಧ್ಯಾಹ್ನದ ಕೆಲಸ ಮುಗಿದಮೇಲೆ ಅವಳು ಹುಣಿಸೆಬೀಜಗಳನ್ನು ಹಾಕಿಕೊಂಡು ಒಬ್ಬಳೇ ಆಡುತ್ತಿದ್ದಳು. ‘ಸೀತೆಯ ಆಟ’ ಎನ್ನುತ್ತಿದ್ದಳು. ಅಶೋಕವನದಲ್ಲಿ ಸೀತಾದೇವಿಯು ಹೀಗೆ ಆಡಿ ಹೊತ್ತು ಕಳೆದಳಂತೆ. ತಮಿಳು ಸೀಮೆಯಲ್ಲಿಯೂ ಪಲ್ಲಾಂಗುಳಿಯನ್ನು ಒಬ್ಬರೇ ಆಡುವ ಬಗೆಗೆ ಸೀತಾಪಾಂಡಿ ಎಂದೇ ಹೆಸರು. ‘ವಾಲ್ಮೀಕಿಯಲ್ಲಿ ಇದೆಲ್ಲಿದೆ?’ ಎಂದು ನಾನು ಪುಸ್ತಕದಿಂದ ತಲೆಯೆತ್ತಿ ಕೇಳಿದ್ದುಂಟು. ಎಲ್ಲಿಯೂ ಇಲ್ಲ, ನಿಜ. ಅವಳು ವಾದಿಸುತ್ತಿರಲಿಲ್ಲ, ಬೀಜ ಬಿಡುತ್ತಿದ್ದಳು. ಎದುರು ಕುಳಿತು ಆಡಬೇಕೆಂದು ನನ್ನನ್ನು ಎಂದೂ ಕರೆಯಲಿಲ್ಲ. ಕರೆದಿದ್ದರೆ ಹೋಗುತ್ತಿದ್ದೆನೋ ಇಲ್ಲವೋ, ಈಗ ಹೇಳಿ ಪ್ರಯೋಜನವೇನು?

ಮರುದಿನ ಮಣೆಯನ್ನಿಳಿಸಿ ಒರೆಸಿ ಹುಡುಗಿಯ ಕೋಣೆಗೆ ಒಯ್ದೆನು. ಅವಳಜ್ಜಿ ಇಡುತ್ತಿದ್ದ ಕ್ರಮವು ಕಣ್ಣಿನಲ್ಲಿ ಉಳಿದಿತ್ತು. ವಾಚಕರೂ ಮಾಡಿ ನೋಡಬಹುದು. ಒಂದು ಸಾಲಿನ ಏಳು ಗುಳಿಗಳಲ್ಲಿ ಕ್ರಮವಾಗಿ 7, 6, 5, 4, 3, 2, 1 ಬೀಜಗಳನ್ನಿಡಬೇಕು, ಒಟ್ಟು 28. ಎದುರು ಸಾಲು ಬರಿದಾಗಿರಲಿ. ಏಳು ಬೀಜವುಳ್ಳ ಗುಳಿಯನ್ನು ಬರಿದುಮಾಡಿ ಮುಂದಿನ ಏಳು ಗುಳಿಗಳಿಗೆ ಒಂದೊಂದು ಬಿಡಬೇಕು. ಆರು ಇದ್ದದ್ದು ಏಳಾಗುತ್ತದೆ, ಐದು ಆರಾಗುತ್ತದೆ, ಕೊನೆಯ ಬೀಜವು ಎದುರು ಸಾಲಿನ ಬರಿಯ ಗುಳಿಗೆ ಬೀಳುತ್ತದೆ. ನೋಡಿದರೆ ಅದೇ 7, 6, 5, 4, 3, 2, 1! ಸಾಲಿಗೆ ಸಾಲೇ ಒಂದು ಹೆಜ್ಜೆ ಮುಂದೆ ನಡೆದಿದೆ. ಈಗ ಏಳಾದ ಗುಳಿಯನ್ನೆತ್ತಿ ಹೀಗೆಯೇ ಬಿಡುತ್ತ ಹೋದರೆ, ಏಳನೆಯ ನಡೆಗೆ ಸಾಲೆಲ್ಲವೂ ಆಚೆಯ ದಡ ಸೇರುತ್ತದೆ. ಹದಿನಾಲ್ಕನೆಯ ನಡೆಗೆ ಹೊರಟ ಸ್ಥಳಕ್ಕೇ ಬಂದು ನಿಲ್ಲುತ್ತದೆ. ಹದಿನಾಲ್ಕು ಎಂದೊಡನೆ ವನವಾಸದ ವರ್ಷಗಳು ನೆನಪಾದುವು. ಆಟವನ್ನು ಕಲ್ಪಿಸಿದವರ ಮನಸ್ಸಿನಲ್ಲಿ ಅದಿತ್ತೆಂದು ನಾನು ಹೇಳಲಾರೆ. ಬೀಜ ಬಿಟ್ಟವಳ ಮನಸ್ಸಿನಲ್ಲಿ ಇದ್ದಿರಬಹುದು.

ಬೀಜ ಬಿಡುವಾಗ ನಾನು ಒಂದು ಗುಳಿಯಲ್ಲಿ ಮರೆತು ಎರಡು ಹಾಕಿದೆನು. ಎರಡು ನಡೆಯೊಳಗೆ ಸಾಲು ಚದುರಿಹೋಯಿತು. “ತಾತ, ಎಲ್ಲೋ ತಪ್ಪಿದಿರಿ” ಎಂದಳು ಹುಡುಗಿ. ಅವಳು ಹೇಳಬೇಕಾದುದೇ ಇರಲಿಲ್ಲ, ಮಣೆಯೇ ಹೇಳುತ್ತಿತ್ತು. ಈ ಸಲ ಮಾತ್ರ ಮೊದಲಿನಿಂದ ಆಡುವುದು ನನಗೆ ಬೇಸರವೆನಿಸಲಿಲ್ಲ.

ಹನ್ನೊಂದನೆಯ ದಿನ ಅವಳಿಗೆ ನೀರು ಹಾಕಿದೆವು. ತಲೆ ಒಣಗುವುದಕ್ಕೆ ಮೊದಲೇ ಬೀದಿಗೆ ಓಡಿದಳು. ಬಾಗ್ದಾದಿನ ಪಟವು ಮೂಲೆ ಸೇರಿತು, ಅದೇ ಸರಿ. ಜೊತೆಯವರು ದೊರೆತಾಗಲೂ ಒಂಟಿಯಾಟವನ್ನೇ ಹಿಡಿದು ಕುಳಿತುಕೊಳ್ಳುವ ಮಗುವನ್ನು ಎಬ್ಬಿಸಿ ಹೊರಗೆ ಕಳುಹಿಸಬೇಕೆಂಬ ನನ್ನ ಅಭಿಪ್ರಾಯವು ಈಗಲೂ ಬದಲಾಗಿಲ್ಲ. ಆದರೆ ರೋಗದಿಂದಲೋ ವೃದ್ಧಾಪ್ಯದಿಂದಲೋ ವಿಯೋಗದಿಂದಲೋ ಒಂಟಿಯಾಗಿ ಕುಳಿತವರು ಮಣೆ ಹಾಕಿಕೊಂಡು ಆಡುತ್ತಿದ್ದರೆ ಅದನ್ನು ಹಗುರಾಗಿ ಕಾಣಬೇಡಿರೆಂದು ನನ್ನ ಸೋದರ ಸೋದರಿಯರಲ್ಲಿ ಬೇಡಿಕೊಳ್ಳುತ್ತೇನೆ. ಸಾಧ್ಯವಾದರೆ ಅವರೆದುರಿಗೆ ಒಂದು ಗಳಿಗೆ ಕುಳಿತುಕೊಳ್ಳಿರಿ. ಅವರು ಕರೆಯಲೆಂದು ಕಾಯಬೇಡಿರಿ.

ಮಣೆಯನ್ನು ನಾನು ಮತ್ತೆ ಅಟ್ಟಕ್ಕೇರಿಸಲಿಲ್ಲ. ಮಧ್ಯಾಹ್ನ ಒಂದು ಸುತ್ತು, ಹದಿನಾಲ್ಕು ನಡೆ, ಆಡುತ್ತೇನೆ. ತಮ್ಮ ಮನೆಗಳ ಹಿರಿಯ ಹೆಂಗಸರು ಸೀತೆಯ ಆಟವನ್ನು ಬೇರೆ ಯಾವುದಾದರೂ ಕ್ರಮದಲ್ಲಿ ಆಡುತ್ತಿದ್ದರೆ, ವಾಚಕರು ಅವರನ್ನು ಕೇಳಿ ಬರೆದು ತಿಳಿಸಿದಲ್ಲಿ ಕೃತಜ್ಞನಾಗಿರುವೆನು. ಕೇಳುವುದನ್ನು ಮುಂದಕ್ಕೆ ಹಾಕಬೇಡಿರಿ.