ಚಳಿಗಾಲದ ಮಂಕಿಗೆ ಸೋಮಾರಿತನ ಅನ್ನಬೇಡಿ (ಭಾಗ 4)

ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ಹಗಲು 11 ಗಂಟೆಗೂ ಹೆಚ್ಚು. ಲಂಡನ್ನಿನಲ್ಲಿ 8 ಗಂಟೆಯೂ ಇಲ್ಲ. ಕತ್ತಲಲ್ಲೇ ಆಫೀಸಿಗೆ ಹೊರಟು, ಕತ್ತಲಲ್ಲೇ ಮನೆಗೆ ಬರೋದು. ಊರಿಂದ ಫೋನ್ ಮಾಡಿದ ಅಮ್ಮನಿಗೆ ಹೇಳಿದ್ರೆ "ಸ್ವೆಟರ್ ಹಾಕ್ಕೋ, ಬಿಸಿ ಸಾರು ಕುಡಿ" ಅಂತಾರೆ. ಪಾಪ, ಅವರಿಗೆ ಗೊತ್ತಿರೋದು ಚಳಿ. ಇಲ್ಲಿ ಕಾಡೋದು ಕತ್ತಲೆ.

1984ರಲ್ಲೇ ಅಮೆರಿಕದ ಮನೋವೈದ್ಯ ನಾರ್ಮನ್ ರೋಸೆಂಥಾಲ್ ಮತ್ತು ಸಂಗಡಿಗರು ಇದನ್ನು ಹೆಸರಿಟ್ಟು ವಿವರಿಸಿದ್ರು: ಸೀಸನಲ್ ಅಫೆಕ್ಟಿವ್ ಡಿಸಾರ್ಡರ್. ಅತಿ ನಿದ್ದೆ, ಸಿಹಿ ತಿನ್ನೋ ಚಪಲ, ಯಾರ ಸಹವಾಸವೂ ಬೇಡ ಅನ್ನಿಸೋದು ಇದರ ಲಕ್ಷಣಗಳು. ಎಲ್ಲರಿಗೂ ಕಾಯಿಲೆಯ ಮಟ್ಟಕ್ಕೆ ಹೋಗಲ್ಲ ನಿಜ. ಆದ್ರೆ "ನಾನೇ ಸೋಮಾರಿ" ಅಂತ ಬೈದುಕೊಂಡು ಯಾರಿಗೂ ಹುರುಪು ಬಂದಿಲ್ಲ.

ನನ್ನ ಮಾತು ಇಷ್ಟೇ: ಲಂಚ್ ಬ್ರೇಕನ್ನ ಕಂಪ್ಯೂಟರ್ ಮುಂದೆ ಕಳೀಬೇಡಿ. ಡಬ್ಬಿ ಬೇಗ ಮುಗಿಸಿ, 20 ನಿಮಿಷ ಹೊರಗೆ ನಡೀರಿ. ಮೋಡ ಕವಿದಿದ್ರೂ ಹೊರಗಿನ ಬೆಳಕು ಆಫೀಸಿನ ಲೈಟಿಗಿಂತ ಎಷ್ಟೋ ಪಟ್ಟು ಜಾಸ್ತಿ. ಎರಡು ವಾರ ಕಳೆದ್ರೂ ಹಾಸಿಗೆ ಬಿಟ್ಟು ಏಳೋಕೇ ಮನಸ್ಸಾಗ್ತಿಲ್ಲ ಅಂದ್ರೆ ಡಾಕ್ಟರ್ ಹತ್ರ ಹೋಗಿ. ಲೈಟ್ ಥೆರಪಿ, ಕೌನ್ಸೆಲಿಂಗ್, ಔಷಧಿ ಎಲ್ಲಾ ಇದೆ.

ಮಾರ್ಚ್ ಬರೋವರೆಗೆ ಹಲ್ಲು ಕಚ್ಚಿಕೊಂಡು ಕಾಯಬೇಡಿ.